ಕಣ್ಣಳತೆಯ ವೋಲ್ಟು

ಬಲ್ಬು ಮನಸ್ಸಿಟ್ಟು ಉರಿಯುತ್ತಿಲ್ಲ ಎಂದು ಮೇಸ್ತ್ರಿಗೆ ಅನ್ನಿಸತೊಡಗಿ ಒಂದು ವರ್ಷವೇ ಆಗಿರಬೇಕು. ಮೋಟಾರು, ಜನರೇಟರುಗಳಿಗೆ ವೈಂಡಿಂಗ್ ಕಟ್ಟುವ ತನ್ನ ಅಂಗಡಿಯ ಬಾಗಿಲು ತೆಗೆದು, ಬೆಂಚಿನ ಮೇಲೆ ತೂಗುಬಿಟ್ಟ ನೂರು ವಾಟಿನ ಬಲ್ಬಿನ ಸ್ವಿಚ್ ಹಾಕಿ, ದಿನಾ ಬೆಳಿಗ್ಗೆ ಒಂದು ಗಳಿಗೆ ಅದನ್ನು ದಿಟ್ಟಿಸಿ ನಿಲ್ಲುತ್ತಿದ್ದ. ಅದು ಅತ್ತು ಸುಸ್ತಾದ ಮಗುವಿನ ಕಣ್ಣಿನ ಹಾಗೆ ಕೆಂಪಗೆ, ಸುತ್ತ ಹಾಲಿನ ಕೆನೆ ಕಟ್ಟಿಕೊಂಡು ಮಿಣುಕುತ್ತಿತ್ತು. ಬಲ್ಬು ಬದಲಾಯಿಸಿ ನೋಡಿದ್ದ, ಹೋಲ್ಡರ್ ಬದಲಾಯಿಸಿ ನೋಡಿದ್ದ. ಲೈನ್‌ಮನ್ನನ್ನು ಕರೆಸಿ ಬೀದಿಯ ಕಂಬ ಹತ್ತಿಸಿ, ಇಳಿದುಬಂದವನಿಗೆ ಟೀ ಕುಡಿಸಿ, ‘ವೋಲ್ಟೇಜು ಸರಿಯಾಗೇ ಇದೆ ಮೇಸ್ತ್ರಿ’ ಎಂಬ ಅವನ ಮಾತನ್ನು, ಸರ್ಕಾರಿ ಸಂಬಳ ತಿನ್ನುವವರು ಇನ್ನೇನು ಹೇಳುತ್ತಾರೆ ಎಂದು ಪಕ್ಕಕ್ಕೆ ತಳ್ಳಿದ್ದ. ಬಲ್ಬಿನದೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಪತ್ರಿಕೆಯವರು ಶಾಯಿಗೆ ನೀರು ಬೆರೆಸತೊಡಗಿದ್ದರು. ಬಸ್ಸಿನ ಬೋರ್ಡು ಬರೆಯುವವರು ಅಕ್ಷರ ಮರೆತಿದ್ದರು. ಎದುರಿಗೆ ಬರುವ ಪರಿಚಯದವರಿಗೆ ಎಲ್ಲಿಲ್ಲದ ಸೊಕ್ಕು ಬಂದು, ತೀರ ಮೂಗಿಗೆ ಮೂಗು ತಾಗುವ ತನಕ ಅವರು ಮುಖ ತೋರಿಸುತ್ತಿರಲಿಲ್ಲ. ಬೆಳಗಿನ ಮಂಜು ಬಿಸಿಲೇರಿದರೂ ಹೋಗುತ್ತಿರಲಿಲ್ಲ. ಇಷ್ಟು ಜನ ಸೇರಿಕೊಂಡು ಬೆಳಕು ಕದಿಯುತ್ತಿರುವಾಗ ಪಾಪದ ಎರಡು ಕಣ್ಣುಗಳ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ? ಕಣ್ಣಿನ ಡಾಕ್ಟರ ಮಾತೆತ್ತಿದ್ದ ಹೆಂಡತಿಗೆ ಅವನು ಇದನ್ನೇ ಹೇಳಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ವಾದದಲ್ಲಿ ತಾನು ಗೆದ್ದೆ ಎಂದುಕೊಂಡಿದ್ದ.

ಊರಿನಲ್ಲಿ ಅವನಿಗಿದ್ದ ಹೆಸರೇ ಆ ಕಣ್ಣಿನದು. ಉಳಿದವರು ಮೀಟರಿನ ಎರಡು ಕಡ್ಡಿ ಚುಚ್ಚಿಕೊಂಡು ಅಂಕಿ ಓದುತ್ತಿದ್ದರೆ ಇವನು ಜನರೇಟರಿಗೆ ಬಲ್ಬು ಸಿಕ್ಕಿಸಿ, ಒಂದು ಕಣ್ಣು ಕಿರಿದು ಮಾಡಿ, ರೆಗ್ಯುಲೇಟರ್ ಡಬ್ಬಿಯ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಬಲಕ್ಕೆ ತಿರುಗಿಸಿದರೆ ವೋಲ್ಟೇಜು ಏರುತ್ತದೆ, ಎಡಕ್ಕಾದರೆ ಇಳಿಯುತ್ತದೆ. ‘ಹಾ, ಬಂತು’ ಎಂದು ಅವನು ಉಸಿರು ಬಿಟ್ಟ ಮೇಲೆ ಯಾರು ಬೇಕಾದರೂ ಮೀಟರು ಹಿಡಿದು ನೋಡಬಹುದಿತ್ತು. ಅಂಕಿ ಇನ್ನೂರ ಮೂವತ್ತರಲ್ಲಿ ಮದುಮಗಳ ಹಾಗೆ ತಲೆಬಾಗಿ ಕೂತಿರುತ್ತಿತ್ತು. ಬಳಿಕ ಆ ಸ್ಕ್ರೂ ಅಲುಗದಂತೆ ಅದರ ನೆತ್ತಿಗೆ ಒಂದು ತೊಟ್ಟು ಕೆಂಪು ವಾರ್ನಿಷ್ ಬಿಡುವನು. ಅದು ಅವನ ಮುದ್ರೆ. ‘ಮೀಟರು ಅಂದ್ರೆ ಬೇರೆಯವರ ಕಣ್ಣು ಕಣಯ್ಯಾ, ಸಾಲ ತಂದ ಕಣ್ಣಲ್ಲಿ ಎಷ್ಟು ದಿನ ನೋಡ್ತೀಯ?’ ಎಂದು ಅವನು ಹೇಳಿದ್ದನ್ನು ಬೇರೆ ಅಂಗಡಿಯವರೂ ತಮ್ಮದೇ ಮಾತೆಂಬಂತೆ ಹೇಳಿಕೊಂಡು ತಿರುಗುತ್ತಿದ್ದರು.

“ಲೋ, ಉಪ್ಪಿದೆಯೇನೋ?”

ಬಾಗಿಲಲ್ಲಿ ಯಾರೋ ಬೆಳಕಿಗೆ ಅಡ್ಡ ನಿಂತಿದ್ದರು. ಮುಖ ಕಾಣಲಿಲ್ಲ, ಆದರೆ ಈ ಲೋಕದಲ್ಲಿ ಅವನನ್ನು ಲೋ ಎನ್ನುವ ಧೈರ್ಯ ಉಳಿದಿದ್ದದ್ದು ಒಬ್ಬಳಿಗೇ. ಅಕ್ಕ ಒಳಗೆ ಬಂದು, ಬೆಂಚಿನ ಮೇಲಿನ ತಾಮ್ರದ ತಂತಿಯ ಚೂರುಗಳನ್ನು ಮೊಣಕೈಯಿಂದ ಸರಿಸಿ, ಒಂದು ಪಾತ್ರೆ ಇಟ್ಟಳು. ಅದರ ತುಂಬ ಮೊಟ್ಟೆ. ಅವಳ ಹಿಂದೆ ತಳ್ಳುಗಾಡಿಯಲ್ಲಿ ಅವಳ ಜನರೇಟರು, ದೊಡ್ಡ ಸೂಟ್‌ಕೇಸಿನಷ್ಟು ಗಾತ್ರದ್ದು, ಆಸ್ಪತ್ರೆಗೆ ತಂದ ರೋಗಿಯ ಹಾಗೆ ಕಂಬಳಿ ಹೊದ್ದು ಕೂತಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಹಿಂದಿನ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಇಟ್ಟುಕೊಂಡು ಕೋಳಿಮರಿ ಮಾಡಿಸಿ ಮಾರುತ್ತಿದ್ದಳು. ಮಧ್ಯಾಹ್ನ ಕರೆಂಟು ಹೋಗುವುದು ಈ ಊರಿನಲ್ಲಿ ಸೂರ್ಯ ಮುಳುಗುವಷ್ಟೇ ಖಾತ್ರಿ. ಆ ಹೊತ್ತಿಗೆ ಜನರೇಟರು ಬೇಕು. ಸುಟ್ಟುಹೋಗಿದ್ದ ಅದರ ಸುರುಳಿಗಳನ್ನು ಹೋದ ತಿಂಗಳು ಪೂರ್ತಿ ಬಿಚ್ಚಿ, ಹೊಸ ತಂತಿ ಸುತ್ತಿ ಕೊಟ್ಟಿದ್ದು ಇವನೇ. ಅಕ್ಕನದೆಂದು ಒಂದು ಸುತ್ತೂ ಉಳಿಸದೆ, ಕೈ ತುಂಬ ಪ್ರೀತಿಯಿಂದ ಸುತ್ತಿದ್ದ.

ಅಕ್ಕ ಒಂದು ಮೊಟ್ಟೆ ಎತ್ತಿ ಬೆಂಚಿನ ಅಂಚಿಗೆ ತಟ್ಟಿ ಸಿಪ್ಪೆ ಸುಲಿಯತೊಡಗಿದಳು. ಸಿಪ್ಪೆ ಸಲೀಸಾಗಿ ಬಂತು.

“ಮರಿ ಮಾಡು ಅಂತ ಇಟ್ರೆ ಬೇಯಿಸಿ ಕೊಟ್ಟಿದೆ ನಿನ್ನ ಜನರೇಟರು. ಇಟ್ಟ ದಿನವೇ. ನಿನಗೆ ತೋರಿಸೋಕೆ ಅಂತ್ಲೇ ಮೂರು ವಾರದಿಂದ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಪೆಟ್ಟಿಗೆಯ ಕಾವು ನೋಡ್ಕೊಳ್ಳೋ ಕಾರ್ಡು ಸುಟ್ಟು ಅಂಟಿಕೊಂಡಿತ್ತಂತೆ, ಹೀಟರು ಆರಲೇ ಇಲ್ಲ. ತಿನ್ನು, ನಾಚ್ಕೋಬೇಡ. ನಿನ್ನ ಕೈ ಅಡುಗೆ ತಾನೇ.”

“ನಿನ್ನ ಪೆಟ್ಟಿಗೆ ಹಾಳು ಅಕ್ಕಾ.”

“ಪೆಟ್ಟಿಗೆ ರಿಪೇರಿಯವನು ಹೇಳ್ದ, ವೋಲ್ಟೇಜು ಜಾಸ್ತಿ ಬಂದಿದೆ ಅಂತ. ಜನರೇಟರು ಯಾರ ಹತ್ರ ಮಾಡಿಸಿದ್ರಿ ಅಂತ ಕೇಳ್ದ. ಹೇಳೋಕೆ ಬಾಯಿ ಬರಲಿಲ್ಲ ನಂಗೆ. ಈಗ ಹೊಸ ಕಾರ್ಡು ಹಾಕಿಸಿ ಇನ್ನೊಂದು ಸಲ ಪೆಟ್ಟಿಗೆ ತುಂಬ ಮೊಟ್ಟೆ ಇಟ್ಟಿದ್ದೀನಿ. ಇಷ್ಟು ದಿನ ಎದುರು ಮನೆಯವರ ಜನರೇಟರಿಂದ ವೈರು ಎಳ್ಕೊಂಡಿದ್ದೆ, ಅವರು ಇವತ್ತು ಬೆಳಿಗ್ಗೆ ಮನೆ ಖಾಲಿ ಮಾಡಿದ್ರು. ಇವತ್ತೇ ಮೊಟ್ಟೆ ಒಡೀತಿವೆ, ಒಳಗಿಂದ ಕುಟ್ಟೋದು ಕೇಳಿ ಬಂದಿದ್ದೀನಿ. ಈ ಮರಿಗಳೂ ಹೋದ್ರೆ ಅಂಗಡಿಯವರು ನನ್ನ ಹತ್ರ ಇನ್ನು ಮರಿ ಕೇಳಲ್ಲ. ಕರೆಂಟು ಹೋಗೋದರೊಳಗೆ ಸರಿ ಮಾಡಿಕೊಡು.”

ಮೂಲೆಯಲ್ಲಿ ಕೂತು ವೈಂಡಿಂಗಿನ ಸಂದಿಗೆ ಹಾಕುವ ಕಾಗದ ಕತ್ತರಿಸುತ್ತಿದ್ದ ಹೆಂಡತಿ ಕತ್ತರಿ ಕೆಳಗಿಟ್ಟಳು. “ಕೂತ್ಕೊಳ್ಳಿ ಅತ್ತಿಗೆ,” ಎಂದಳು. ಅಷ್ಟೇ ಎಂದಳು. ಅವಳದು ಯಾವಾಗಲೂ ಅಷ್ಟೇ.

ಮೇಸ್ತ್ರಿ ಜನರೇಟರನ್ನು ಅಂಗಡಿಯ ಮುಂದಕ್ಕೆ ಎಳೆದು, ಹಗ್ಗ ಜಗ್ಗಿ ಚಾಲೂ ಮಾಡಿ, ಅದರ ಹಿಂದಿನ ಮುಚ್ಚಳ ತೆಗೆದು, ಬಲ್ಬು ಸಿಕ್ಕಿಸಿದ. ಕಣ್ಣು ಕಿರಿದು ಮಾಡಿದ. ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು. ಬೀದಿಯ ದರಿದ್ರ ಕರೆಂಟಿಗಿಂತ ಎಷ್ಟೋ ಮೇಲು, ಹಿಂದಿನ ಕಾಲದ ಬೆಳಕು, ತಾನು ಕೆಲಸ ಕಲಿಯುವಾಗ ಬಲ್ಬುಗಳು ಬಿಡುತ್ತಿದ್ದ ಬೆಳಕು. ಒಂದು ಕ್ಷಣ ಅವನಿಗೆ ಎದೆ ತುಂಬಿ ಬಂತು. “ನೋಡು,” ಎಂದ, “ಎಲ್ಲಿ ಜಾಸ್ತಿ?” ಅಕ್ಕ ಕೈ ಅಡ್ಡ ಹಿಡಿದು ಮುಖ ತಿರುಗಿಸಿಕೊಂಡಿದ್ದಳು. “ಲೋ, ಕಣ್ಣು ಕುಕ್ಕುತ್ತೆ ಕಣೋ!” ಹೆಂಗಸರಿಗೆ ಬೆಳಕೆಂದರೆ ಗೊತ್ತಿಲ್ಲ. ಅಷ್ಟರಲ್ಲಿ ಹೆಂಡತಿ ಡ್ರಾಯರಿನಿಂದ ಮೀಟರು ತಂದು, ಯಾರನ್ನೂ ಕೇಳದೆ, ಎರಡು ಕಡ್ಡಿ ಚುಚ್ಚಿ, ಅಂಕಿ ಅಕ್ಕನಿಗೆ ಕಾಣುವ ಹಾಗೆ ಹಿಡಿದಳು. ಅಕ್ಕ ಜೋರಾಗಿ ಓದಿದಳು: ಇನ್ನೂರ ಎಪ್ಪತ್ತು.

“ಬ್ಯಾಟರಿ ಇಳಿದ್ರೆ ಈ ಮೀಟರುಗಳು ಏರಿಸಿ ಏರಿಸಿ ಹೇಳ್ತವೆ,” ಎಂದ ಮೇಸ್ತ್ರಿ. ಇದು ನಿಜ. ಅವನ ಮಾತಿನಲ್ಲಿ ಯಾವಾಗಲೂ ಒಂದು ನಿಜ ಇರುತ್ತಿತ್ತು, ಅದೇ ಅವನ ಕಷ್ಟ.

“ಬ್ಯಾಟರಿ ಹೋದ ವಾರ ನಾನೇ ಹೊಸದು ಹಾಕಿದ್ದು,” ಎಂದಳು ಹೆಂಡತಿ.

“ನೀನು ಯಾಕೆ ಹಾಕಿದೆ? ಇಲ್ಲಿ ಮೀಟರು ಯಾರು ಬಳಸ್ತಾರೆ?”

“ಇರಲಿ ಅಂತ.”

“ಈಗ ಬರೋ ಬ್ಯಾಟರಿಗಳೂ ಮೋಸವೇ,” ಎಂದು ಅವನು ಎಂಜಿನ್ ಆರಿಸಿದ. ಸದ್ದು ನಿಂತ ಮೇಲೆ ಬೀದಿ ಇದ್ದಕ್ಕಿದ್ದ ಹಾಗೆ ದೊಡ್ಡದಾದಂತೆ ಕಂಡಿತು.

ಅಕ್ಕ ನಕ್ಕಳು. “ಚಿಕ್ಕಂದಿನಲ್ಲೂ ಹೀಗೇ ನೀನು. ಎಡವಿದ್ದು ನೀನು, ಏಟು ತಿಂದಿದ್ದು ಹೊಸಲು. ಅಮ್ಮ ಹೊಸಲಿಗೆ ಹೊಡೆದು ತೋರಿಸೋ ತನಕ ಅಳು ನಿಲ್ಲಿಸ್ತಿರಲಿಲ್ಲ. ಅಮ್ಮ ಹೋದ್ಲು, ಈಗ ನೀನೇ ಹೊಡ್ಕೊಂಡು ತಿರುಗ್ತಿದ್ದೀಯ. ಬ್ಯಾಟರಿಗೊಂದು, ಪೆಟ್ಟಿಗೆಗೊಂದು.”

ಇಂಥ ಹೊತ್ತಿನಲ್ಲಿ ಕೆಲಸ ಬಲ್ಲವನು ಮಾಡುವುದು ಒಂದೇ: ಕೆಲಸ. ದೋಷ ವೈಂಡಿಂಗಿನಲ್ಲೇ ಇರಬೇಕು, ಎಲ್ಲೋ ಒಂದು ಸುರುಳಿ ಇನ್ನೊಂದಕ್ಕೆ ತಾಗಿ ರೆಗ್ಯುಲೇಟರಿನ ತಲೆ ಕೆಡಿಸಿದೆ, ಎಲ್ಲ ಕಿತ್ತು ಹೊಸದಾಗಿ ಸುತ್ತಿಬಿಡುವುದು. ಇವತ್ತಿನ ಮಧ್ಯಾಹ್ನಕ್ಕೆ ಅದು ಆಗದು, ಆದರೂ ಒಬ್ಬ ಮನುಷ್ಯ ತನ್ನ ಕೆಲಸವನ್ನು ತಾನೇ ಕಿತ್ತುಹಾಕುತ್ತಿದ್ದಾನೆಂದರೆ ನೋಡುವವರು ಬಾಯಿ ಮುಚ್ಚುತ್ತಾರೆ. ಬೋಲ್ಟು ಬಿಚ್ಚಿ, ಹಿಂದಿನ ಕವಚ ಸರಿಸಿ, ತಾಮ್ರದ ಸುರುಳಿಗಳ ಮೇಲೆ ಬೆರಳಾಡಿಸಿದ. ದಾರದ ಕಟ್ಟು, ವಾರ್ನಿಷಿನ ನುಣುಪು, ಒಂದರ ಪಕ್ಕ ಒಂದು ಜಡೆ ಹೆಣೆದ ಹಾಗೆ ಕೂತ ತಂತಿ. ಎಲ್ಲೂ ಕಪ್ಪಿಲ್ಲ, ಸುಟ್ಟ ವಾಸನೆಯಿಲ್ಲ. ವಾಸನೆ ಎಂದೊಡನೆ ಎಲ್ಲಿಂದಲೋ ಗುರುವಿನ ನೆನಪು ನುಗ್ಗಿತು. ಅವನಿಗೆ ಕೆಲಸ ಕಲಿಸಿದ ಮುದುಕ ಗುರು, ವಾರ್ನಿಷ್ ಹದವಾಗಿ ಒಣಗಿದ್ದನ್ನು ಮೂಗಿನಿಂದಲೇ ಹೇಳುತ್ತಿದ್ದವನು, ಕೊನೆಗಾಲದಲ್ಲಿ ಮೂಗು ಸತ್ತುಹೋಗಿ, ಒಲೆಯೊಳಗೆ ಇಡೀ ವೈಂಡಿಂಗು ಸೀದು ಹೊಗೆಯಾಡುತ್ತಿದ್ದರೂ ಪಕ್ಕದಲ್ಲೇ ಕೂತು, ‘ಇನ್ನೂ ಹದ ಬಂದಿಲ್ಲ, ಈಗಿನ ವಾರ್ನಿಷಿಗೆ ವಾಸನೇನೇ ಇಲ್ಲ’ ಎನ್ನುತ್ತಿದ್ದ. ಹಿಂದೆ ನಿಂತ ಕೆಲಸದವರೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರು. ಗುರುವಿನ ಹಾಗೆ ಮೂಗು ಎತ್ತಿ ಗಾಳಿ ಎಳೆದು ತೋರಿಸುವುದರಲ್ಲಿ ಇವನನ್ನು ಮೀರಿಸುವವರೇ ಇರಲಿಲ್ಲ. ಒಮ್ಮೆ ಹಾಗೆ ಎಳೆದು ತೋರಿಸುತ್ತಿರುವಾಗ ಗುರು ತಿರುಗಿ ನೋಡಿದ್ದ. ‘ನೆಗಡಿಯಾ?’ ಎಂದು ಕೇಳಿದ್ದ, ಬಹಳ ಮೆತ್ತಗೆ. ಆ ನೆಗಡಿ ಎಂಬ ಮಾತಿಗೆ ಈಗ ಮೇಸ್ತ್ರಿಯ ಕಿವಿ ಬಿಸಿಯಾಯಿತು. ಛೆ, ಅದೇ ಬೇರೆ, ಇದೇ ಬೇರೆ ಎಂದುಕೊಂಡು ಕಟ್ಟರ್ ಎತ್ತಿದ.

“ಕತ್ತರಿಸಬೇಡಿ,” ಎಂದಳು ಹೆಂಡತಿ.

ಅವಳು ಅಂಗಡಿಯಲ್ಲಿ ಅವನ ಕೈ ತಡೆದದ್ದು ಇದೇ ಮೊದಲು. ದನಿ ಏರಿಸಿರಲಿಲ್ಲ, ಹಾಲು ಉಕ್ಕುತ್ತಿದೆ ಎಂದು ಹೇಳುವಷ್ಟೇ ಮಾಮೂಲಾಗಿ ಹೇಳಿದ್ದಳು. “ವೈಂಡಿಂಗು ಸರಿಯಾಗಿದೆ. ನಿಮ್ಮ ಕೈ ಕೆಲಸ ಯಾವತ್ತೂ ಕೆಟ್ಟಿಲ್ಲ.” ಅವಳು ಕೈ ಎಂಬುದನ್ನು ಸ್ವಲ್ಪ ಒತ್ತಿ ಹೇಳಿದಳೋ ಅಥವಾ ಅವನಿಗೆ ಹಾಗೆ ಕೇಳಿಸಿತೋ.

“ಅದೇ ನಾನೂ ಕೇಳೋದು,” ಎಂದಳು ಅಕ್ಕ. “ಕ್ಷೌರದಂಗಡಿಯವನ ಜನರೇಟರು ನೀನೇ ಮಾಡಿದ್ದು, ಚೆನ್ನಾಗಿದೆ. ಟೈಲರದೂ ಚೆನ್ನಾಗಿದೆ. ಒಡಹುಟ್ಟಿದವಳದು ಒಂದೇ ಯಾಕೋ ಹೀಗೆ? ಏನು ಪಾಪ ಮಾಡಿದ್ದೆ ನಾನು? ಅವತ್ತು ನೀನು ‘ಹಾ ಬಂತು’ ಅಂದ ತಕ್ಷಣ ತಳ್ಳುಗಾಡಿಗೆ ಹಾಕ್ಕೊಂಡು ಹೋದೆ. ಇವಳು ಹಲ್ಲು ಕೀಳಿಸೋಕೆ ಹೋಗಿದ್ಲು, ಒಂದು ಮಾತು ಆಡಿಸೋಕೂ ಇರಲಿಲ್ಲ.” ಎಂದವಳು, ಮೊಟ್ಟೆಯ ಜಿಗುಟು ತೊಳೆದುಕೊಳ್ಳಲು ಹಿಂದಿನ ನಲ್ಲಿಗೆ ಹೋದಳು.

ಕ್ಷೌರದಂಗಡಿಯವನ ಜನರೇಟರು ಅಲ್ಲೇ ಗೋಡೆಗೆ ಒರಗಿತ್ತು. ಎಂಜಿನ್ ಎಣ್ಣೆ ಬದಲಾಯಿಸಲು ತಂದದ್ದು. ಮೇಸ್ತ್ರಿ ಯಾಕೆ ಅದರ ಹತ್ತಿರ ಹೋದನೋ ಅವನಿಗೇ ತಿಳಿಯದು. ಮುಚ್ಚಳ ತೆಗೆದು ಒಳಗೆ ಬೆರಳು ಇಳಿಸಿ, ರೆಗ್ಯುಲೇಟರಿನ ಸ್ಕ್ರೂವಿನ ನೆತ್ತಿ ಮುಟ್ಟಿದ. ತನ್ನ ತೊಟ್ಟು ಹೇಗಿರುತ್ತದೆಂದು ಅವನ ಬೆರಳಿಗೆ ಗೊತ್ತು, ಮಸೂರದ ಕಾಳಿನಷ್ಟು, ಮೇಲೆ ನುಣ್ಣಗೆ. ಇದು ಹಾಗಿರಲಿಲ್ಲ. ಅಡಿಯಲ್ಲಿ ಒಡೆದ ಪದರದ ಅಂಚು ಚುಚ್ಚಿತು, ಅದರ ಮೇಲೆ ಇನ್ನೊಂದು ತೊಟ್ಟು, ಹಿಂಜರಿದು ಬಿಟ್ಟದ್ದು, ಸಣ್ಣದು. ಪಕ್ಕದಲ್ಲಿ ಫೋಟೋ ಸ್ಟುಡಿಯೋದವನದು ಇತ್ತು. ಅದಕ್ಕೂ ಎರಡು. ಅಕ್ಕನದಕ್ಕೆ ಬಂದು ಮುಟ್ಟಿದ. ಒಂದೇ ಒಂದು, ನುಣ್ಣಗೆ, ಗುಂಡಗೆ, ಯಾರೂ ಮುಟ್ಟದ್ದು, ಅವನದೇ.

ಅವನು ಬಗ್ಗಿದವನು ಬಗ್ಗಿಯೇ ಇದ್ದ. ಹಿಂದೆ ಕಾಗದ ಕತ್ತರಿಸುವ ಸದ್ದು ನಿಂತಿತ್ತು. ಒಂದು ವರ್ಷದಿಂದ, ಒಂದೊಂದು ಗಿರಾಕಿಯ ಯಂತ್ರವೂ ಸಿದ್ಧವಾಗಿ ಅವನು ‘ಹಾ, ಬಂತು’ ಎಂದು ಉಸಿರು ಬಿಟ್ಟ ಮೇಲೆ, ‘ಮುಖ ಬಾಡಿದೆ, ಟೀ ಕುಡಿದು ಬನ್ನಿ’ ಎನ್ನುತ್ತಿದ್ದಳು ಇವಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಗೆ ತನ್ನ ಮೇಲೆ ಪ್ರೀತಿ ಉಕ್ಕಿದೆ ಎಂದು ಮೇಸ್ತ್ರಿ ನಂಬಿದ್ದ. ನಂಬಿ ಸುಮ್ಮನಿರದೆ ಟೀ ಅಂಗಡಿಯವನ ಹತ್ತಿರ ಹೇಳಿಯೂ ಇದ್ದ: ‘ನಿಮ್ಮನೇಲಿ ಹೀಗೆ ಯಾರಾದ್ರೂ ಕೇಳ್ತಾರೇನಯ್ಯಾ?’ ಟೀ ಕುಡಿದು ಬಂದಾಗ ಬಲ್ಬು ಮೊದಲಿಗಿಂತ ಮಂಕಾಗಿ ಕಾಣುತ್ತಿತ್ತು, ಬಿಸಿಲಿನಿಂದ ಬಂದದ್ದಕ್ಕೆ ಹಾಗೆ ಎಂದುಕೊಳ್ಳುತ್ತಿದ್ದ. ಒಂದು ವರ್ಷ! ಊರು ಹೊಗಳಿದ ಅಷ್ಟೂ ಹೊಗಳಿಕೆಯನ್ನು ಅವನು ಮೀಸೆ ತಿರುವಿಕೊಂಡು ಇಸಿದುಕೊಂಡಿದ್ದ, ಅವಳು ಮೂಲೆಯಲ್ಲಿ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದಳು. ಅವಳಿಗೆ ಒಳಗೊಳಗೇ ನಗು ಬರುತ್ತಿತ್ತೇ? ಗುರುವಿನ ಹಿಂದೆ ತಾವು ನಕ್ಕ ಹಾಗೆ? ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ನಗುವವರ ಮೇಲೆ ಸಿಟ್ಟಾದರೂ ಮಾಡಬಹುದು. ಅವನು ಸಿಟ್ಟನ್ನು ಹುಡುಕಿದ, ಜೇಬಿನಲ್ಲಿ ಬೀಗದ ಕೈ ತಡಕಿದ ಹಾಗೆ, ಇದ್ದೇ ಇರಬೇಕಲ್ಲ ಎಂದು. ಸಿಕ್ಕಿದ್ದು ಬೇರೇನೋ: ಅವಳು ಹಲ್ಲು ನೋವಿಗೆ ತಿಂಗಳುಗಟ್ಟಲೆ ಲವಂಗ ಕಚ್ಚಿಕೊಂಡು ಅಂಗಡಿಯಲ್ಲೇ ಕೂತಿದ್ದಳು. ‘ಹೋಗಿ ಕೀಳಿಸ್ಕೊಂಡು ಬಾ, ಇಲ್ಲಿ ನೀನಿಲ್ದೆ ಏನು ಮುಳುಗಿ ಹೋಗುತ್ತೆ?’ ಎಂದು ಗದರಿಸಿ ಕಳಿಸಿದವನು ಅವನೇ.

ಕವಚ ಜೋಡಿಸಿ ಬೋಲ್ಟು ಬಿಗಿದ. ಬೆರಳುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು, ಅವಕ್ಕೆ ಯಾವ ಅವಮಾನವೂ ಆಗಿರಲಿಲ್ಲ. ಹಗ್ಗ ಜಗ್ಗಿ ಎಂಜಿನ್ ಚಾಲೂ ಮಾಡಿದ. ಬಲ್ಬು ಆ ಹಿಂದಿನ ಕಾಲದ ಸೊಗಸಿನಲ್ಲಿ ಹೊತ್ತಿಕೊಂಡಿತು. ಸಣ್ಣ ಸ್ಕ್ರೂಡ್ರೈವರನ್ನು ತೆಗೆದು, ಕೆಂಪು ತೊಟ್ಟನ್ನು ತಾನೇ ಒಡೆದು, ಸ್ಕ್ರೂವನ್ನು ಮಾತ್ರ ಮುಟ್ಟದೆ, ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ, ಹಿಡಿ ಅವಳ ಕಡೆಗಿರುವಂತೆ ಇಟ್ಟ. ಕೈ ಒರೆಸಿಕೊಂಡ. ಕೈ ಒರೆಸುವುದಕ್ಕೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಟೀ ಕುಡಿದು ಬರ್ತೀನಿ,” ಎಂದ.

ಹೆಂಡತಿ ತಲೆಯೆತ್ತಿದಳು. ಅವಳ ಮುಖ ಸರಿಯಾಗಿ ಕಾಣಲಿಲ್ಲ. ಬಹಳ ದಿನದಿಂದ ಕಂಡಿರಲಿಲ್ಲ ಎಂಬುದು ಈಗ ಹೊಳೆಯಿತು.

“ನಿಧಾನವಾಗಿ ಕುಡೀರಿ,” ಎಂದಳು.

ಟೀ ಅಂಗಡಿಯವನು ಲೋಟ ಕೊಡುತ್ತ, “ಏನ್ ಮೇಸ್ತ್ರೀ, ಇವತ್ತೂ ಮನೆಯವರು ಕಳಿಸಿದ್ರಾ? ಪುಣ್ಯವಂತರು ಬಿಡಿ,” ಎಂದು ಛೇಡಿಸಿದ. ಅಲ್ಲಿದ್ದವರು ನಕ್ಕರು. ಮೇಸ್ತ್ರಿಯೂ ನಕ್ಕ, ನಗದಿದ್ದರೆ ಚೆನ್ನಾಗಿರುವುದಿಲ್ಲ. ಲೋಟ ಖಾಲಿಯಾದರೂ ಖಾಲಿ ಲೋಟವನ್ನೇ ಗುಟುಕರಿಸುತ್ತ ನಿಂತ. ಸ್ಕ್ರೂ ತಿರುಗಿಸುವುದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸವೆಂದು ಗೊತ್ತಿತ್ತು. ಆದರೆ ಇಷ್ಟು ದಿನ ಅವಳು ಅದನ್ನು ಕಳ್ಳಿಯ ಹಾಗೆ ಅವಸರದಲ್ಲಿ ಮಾಡಿರಬೇಕು, ಒಂದು ಕಣ್ಣು ಬೀದಿಯ ಮೇಲಿಟ್ಟು. ಇವತ್ತೊಂದು ದಿನ ನಿಧಾನವಾಗಿ ಮಾಡಲಿ. ಹೀಗೆ ಯೋಚಿಸಿದ ತನ್ನ ದೊಡ್ಡತನವನ್ನು ತಾನೇ ಮೆಚ್ಚಿ, ಮೆಚ್ಚಿದ್ದಕ್ಕೆ ಮರುಗಳಿಗೆ ನಾಚಿದ.

ವಾಪಸು ಬಂದಾಗ ಜನರೇಟರು ಮುಚ್ಚಳ ಹಾಕಿಕೊಂಡು ತಳ್ಳುಗಾಡಿಯ ಮೇಲಿತ್ತು. ಅಕ್ಕ ಮತ್ತೆ ಮೀಟರಿನ ಮಾತೆತ್ತಲಿಲ್ಲ, ಅವಳೂ ನೋಡಿದಳೇನೋ ಎಂದು ಅನುಮಾನವಾಯಿತು. “ನೀನೂ ಬಾ,” ಎಂದಳು. “ನನ್ನ ಮನೇಲಿ ನೀನೇ ಹಚ್ಚು. ಬೆಂದ್ರೂ ನಿನ್ನೆದುರಿಗೇ ಬೇಯಲಿ.”

ದಾರಿಯುದ್ದಕ್ಕೂ ಅವಳು ಬೇರೆ ಮಾತೇ ಆಡುತ್ತಿದ್ದಳು, ಯಾರಿಗೋ ಮಂಡಿ ನೋವು, ಯಾವುದೋ ನಲ್ಲಿಯಲ್ಲಿ ಕೆಂಪು ನೀರು. ಅವಳ ಮನೆಯ ಹಿಂದಿನ ಕೋಣೆ ಬೆಚ್ಚಗೆ, ಹೊಟ್ಟಿನ ವಾಸನೆಯಿಂದ ತುಂಬಿತ್ತು. ಕರೆಂಟು ಆಗಲೇ ಹೋಗಿತ್ತು. ಪೆಟ್ಟಿಗೆಯ ಮೇಲೆ ಎರಡು ರಜಾಯಿ, ಸುತ್ತ ಬಿಸಿನೀರಿನ ಬಾಟಲಿ. ಒಳಗಿನಿಂದ ಟಕ್, ಟಕ್ ಎಂಬ ಸದ್ದು ಬರುತ್ತಿತ್ತು, ತೀರ ಸಣ್ಣದು, ಉಗುರಿನಿಂದ ಲೋಟ ತಟ್ಟಿದಂತೆ. ಕಿವಿ ಚೆನ್ನಾಗಿದ್ದುದರಿಂದ ಅವನಿಗೆ ಎಲ್ಲವೂ ಕೇಳಿತು, ಬೇಡವೆನ್ನುವಷ್ಟು ಕೇಳಿತು. ಅಂಗಳದಲ್ಲಿ ಜನರೇಟರು ಚಾಲೂ ಮಾಡಿ, ವೈರು ಒಳಗೆಳೆದು, ಪೆಟ್ಟಿಗೆಗೆ ಕೊಡುವ ಮೊದಲು ಅಭ್ಯಾಸದಂತೆ ಬಲ್ಬು ಸಿಕ್ಕಿಸಿದ.

ಮಂಕು. ಬೂದಿ ಮುಚ್ಚಿದ ಕೆಂಡ. ಅವನ ಇಷ್ಟು ವರ್ಷದ ಕಣ್ಣು ಒಂದೇ ದನಿಯಲ್ಲಿ ಹೇಳಿತು: ಕಮ್ಮಿ, ಬಹಳ ಕಮ್ಮಿ, ಈ ವೋಲ್ಟೇಜಿಗೆ ಹೀಟರು ಬೆಚ್ಚಗೂ ಆಗುವುದಿಲ್ಲ, ಮರಿಗಳು ಚಿಪ್ಪಿನೊಳಗೇ ಚಳಿಗೆ ಸತ್ತುಹೋಗುತ್ತವೆ. ಕೈ ತಾನೇ ಚೀಲದಲ್ಲಿದ್ದ ಇನ್ನೊಂದು ಸ್ಕ್ರೂಡ್ರೈವರಿಗೆ ಹೋಯಿತು. ಹೆಂಡತಿಗೆ ಇವತ್ತು ಕೈ ನಡುಗಿರಬಹುದು. ಗೊತ್ತಾಯಿತಲ್ಲ ಎಂಬ ಭಯಕ್ಕೆ ಎರಡು ಎಳೆ ಹೆಚ್ಚೇ ಇಳಿಸಿರಬಹುದು. ಅವಳೇನು ಮೇಸ್ತ್ರಿಯೇ? ಅಂಗಳಕ್ಕೆ ಹೋಗಿ ಮುಚ್ಚಳ ತೆಗೆದ. ಸ್ಕ್ರೂಡ್ರೈವರಿನ ತುದಿ ಇನ್ನೂ ಹಸಿಯಾಗಿದ್ದ ವಾರ್ನಿಷಿಗೆ ತಾಗಿ ಅಂಟಿತು. ಬಲಕ್ಕೆ ಒಂದು ಕೂದಲೆಳೆ, ಅಷ್ಟೇ. ಯಾರಿಗೂ ತಿಳಿಯುವುದಿಲ್ಲ, ಬಲ್ಬು ಅರಳುತ್ತದೆ, ಲೋಕ ಮೊದಲಿನಂತಾಗುತ್ತದೆ.

“ಏನೋ, ಸರಿಯಿದೆಯಾ?” ಅಕ್ಕ ಒಳಗಿನಿಂದ ಕೂಗಿದಳು. ಅವಳ ಕೈ ಪೆಟ್ಟಿಗೆಯ ಪ್ಲಗ್ಗಿನ ಮೇಲಿತ್ತು. ಅವಳ ದನಿಯಲ್ಲಿ ಈಗ ಹಾಸ್ಯವಿರಲಿಲ್ಲ, ಬರೀ ಪ್ರಶ್ನೆಯಿತ್ತು. “ಹಾಕಲಾ? ಬೇಡವಾ? ಬೇಗ ಹೇಳು, ತಣ್ಣಗಾಗ್ತಿವೆ.”

ಮೇಸ್ತ್ರಿ ಸ್ಕ್ರೂಡ್ರೈವರನ್ನು ಬಿಡಿಸಿಕೊಂಡ. ಮುಚ್ಚಳ ಮುಚ್ಚಿದ. ಒಳಗೆ ಬಂದು ಬಲ್ಬಿನ ಮುಂದೆ ನಿಂತು, ಈ ಸಲ ಕಣ್ಣು ಕಿರಿದು ಮಾಡದೆ ನೋಡಿದ.

“ನನ್ನ ಕಣ್ಣಿಗೆ ಕಮ್ಮಿ ಕಾಣ್ತಿದೆ ಅಕ್ಕಾ,” ಎಂದ. “ಅಂದ್ರೆ ಸರಿಯಿದೆ. ಹಾಕು.”

“ಇದೆಂಥ ಲೆಕ್ಕವೋ!” ಎಂದಳು ಅಕ್ಕ. ಆದರೆ ಅವನ ಮುಖವನ್ನು ಒಂದು ಗಳಿಗೆ ನೋಡಿ, ಮುಂದೆ ಕೇಳದೆ, ಪ್ಲಗ್ಗು ಒತ್ತಿದಳು.

ಅವನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು, ರಜಾಯಿ ಸರಿಸಿ, ತಗಡಿಗೆ ಅಂಗೈ ಒತ್ತಿ ಕಾದ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಗಡು ಬೆಚ್ಚಗಾಯಿತು, ಬೆಚ್ಚಗಾಗಿ, ಬಿಸಿಯಾಗದೆ, ಅಷ್ಟಕ್ಕೇ ನಿಂತಿತು. ಅಕ್ಕ ಎದ್ದು ಊಟಕ್ಕೆ ಕರೆದಳು. ಅವನು ಕೈ ತೆಗೆಯಲಿಲ್ಲ.